ಚಳಿಯನ್ನೇ ನೆಚ್ಚಿದ ರೋಗಾಣುಗಳು

ಶೈತ್ಯವು ಆಹಾರವನ್ನು ಕಾಪಾಡುತ್ತದೆ, ಉಷ್ಣವು ಕೆಡಿಸುತ್ತದೆ ಎಂಬುದು ಗೃಹಿಣಿಯರಿಂದ ಹಿಡಿದು ಮಂಜುಗಡ್ಡೆಯ ಕಾರ್ಖಾನೆಯ ಮಾಲೀಕರವರೆಗೆ ಎಲ್ಲರೂ ಅನುಭವದಿಂದ ಬಲ್ಲ ಮಾತು. ಬೇಸಗೆಯಲ್ಲಿ ಹೊರಗಿಟ್ಟ ಬೆಳಗಿನ ಹಾಲು ಸಂಜೆಯೊಳಗೆ ಒಡೆಯುತ್ತದೆ. ಅದೇ ಹಾಲು ರೆಫ್ರಿಜರೇಟರಿನಲ್ಲಿ ಎರಡು ಮೂರು ದಿನ ನಿಲ್ಲುತ್ತದೆ. ಮುಂಬಯಿಯ ಸಸೂನ್ ಡಾಕಿನಲ್ಲಿ ಬುಟ್ಟಿಬುಟ್ಟಿ ಬಂಗುಡೆಯ ಮೇಲೆ ಮಂಜಿನ ಚೂರು ಸುರಿಯುವ ಕೂಲಿಯಾಳಿಗೂ ಈ ತತ್ತ್ವವನ್ನು ಯಾರೂ ಕಲಿಸಬೇಕಾಗಿಲ್ಲ. ಇದರಿಂದ ನಾವೆಲ್ಲರೂ ಸಹಜವಾಗಿ ಒಂದು ತೀರ್ಮಾನಕ್ಕೆ ಬಂದಿರುತ್ತೇವೆ: ರೋಗಾಣುಗಳಿಗೆ ಚಳಿಯೆಂದರೆ ಆಗದು.

ಈ ತೀರ್ಮಾನದಲ್ಲಿ ಅರ್ಧ ಸತ್ಯ ಮಾತ್ರವಿದೆ. ಭೂಮಿಯ ಮೇಲಿನ ಸಮುದ್ರಜಲದ ಬಹುಪಾಲು ಐದು ಡಿಗ್ರಿ ಸೆಂಟಿಗ್ರೇಡಿಗಿಂತ ತಣ್ಣಗಿದೆ ಎಂಬುದನ್ನು ನೆನೆದರೆ, ಚಳಿಯೇ ಅಲ್ಲಿನ ನಿಯಮವೆಂದೂ, ನಮ್ಮ ಅಡುಗೆಮನೆಯ ಬೆಚ್ಚನೆಯ ವಾತಾವರಣವೇ ಅಪವಾದವೆಂದೂ ಹೊಳೆಯದಿರದು. ಅಂಥ ನೀರಿನಲ್ಲಿ ಕೋಟ್ಯಂತರ ವರ್ಷಗಳಿಂದ ಬಾಳಿಬಂದ ಬ್ಯಾಕ್ಟೀರಿಯಾಗಳು ಚಳಿಯನ್ನು ಬರಿದೆ ಸಹಿಸಿಕೊಂಡು ಕುಳಿತಿಲ್ಲ. ಅವುಗಳಲ್ಲಿ ಕೆಲವು ಚಳಿ ಬರುವುದನ್ನೇ ಕಾದಿದ್ದು, ಮೀನುಗಳ ಮೇಲೆ ದಂಡೆತ್ತಿ ಹೋಗುತ್ತವೆ. ಈ ಸಂಗತಿಯನ್ನು ಜಗತ್ತಿಗೆ ಮನದಟ್ಟು ಮಾಡಿಕೊಟ್ಟದ್ದು ನಾರ್ವೆ ದೇಶದ ಒಂದು ದ್ವೀಪ.

ಹಿಟ್ರಾ ದ್ವೀಪದ ಕಾಯಿಲೆ

ನಾರ್ವೆಯ ಪಶ್ಚಿಮ ಕರಾವಳಿಯು ಪರ್ವತಗಳ ನಡುವೆ ಬಹುದೂರ ಒಳನುಗ್ಗಿರುವ ಕಡಲ ತೋಳುಗಳಿಂದ ತುಂಬಿದೆ. ಇವನ್ನು ಅಲ್ಲಿಯವರು ಫ್ಯೋರ್ಡ್ ಎನ್ನುತ್ತಾರೆ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವೊಂದು ಆ ತೀರವನ್ನು ಸವರಿಕೊಂಡು ಹೋಗುವುದರಿಂದ, ಉತ್ತರ ಧ್ರುವಕ್ಕೆ ಅಷ್ಟು ಸಮೀಪವಿದ್ದರೂ ಅಲ್ಲಿನ ಸಮುದ್ರ ಹೆಪ್ಪುಗಟ್ಟುವುದಿಲ್ಲ. ಅಲೆಗಳ ಹೊಡೆತವಿಲ್ಲದ, ಹೆಪ್ಪುಗಟ್ಟದ, ಶುದ್ಧವಾದ ಈ ನೀರಿನಲ್ಲಿ ತೇಲುವ ಬಲೆಯ ಪಂಜರಗಳನ್ನು ಇಳಿಬಿಟ್ಟು ಸಾಲ್ಮನ್ ಮೀನನ್ನು ಸಾಕಬಹುದೆಂಬ ಯೋಚನೆ ಓವೆ ಮತ್ತು ಸಿವರ್ಟ್ ಗ್ರೊಂಟ್‌ವೆಟ್ ಎಂಬ ಸೋದರರಿಗೆ ಬಂತು. ಟ್ರೋನ್‌ಹೈಮ್ ನಗರಕ್ಕೆ ಪಶ್ಚಿಮದಲ್ಲಿರುವ ಹಿಟ್ರಾ ದ್ವೀಪದ ಬಳಿ ಅವರು 1970ರ ಸುಮಾರಿಗೆ ಮರಿಗಳನ್ನು ಬಿಟ್ಟರು. ಕೆಲಸ ಕೈಹಿಡಿಯಿತು. ಬೇಸಾಯದ ನೆಲವೂ ಹೆಚ್ಚಿಲ್ಲದೆ, ಮೀನುಗಾರಿಕೆಯ ಆದಾಯವೂ ನಿಶ್ಚಿತವಿಲ್ಲದೆ, ಮಕ್ಕಳನ್ನು ಪಟ್ಟಣಕ್ಕೆ ಕಳುಹಿಸುತ್ತಿದ್ದ ಆ ದ್ವೀಪದ ಕುಟುಂಬಗಳಿಗೆ ಇದು ದೊಡ್ಡ ಆಸರೆಯಾಯಿತು. ಊರು ಬಿಟ್ಟು ಬಂದವರಿಗೆ ಈ ಮಾತಿನ ತೂಕ ಬೇಗ ತಿಳಿದೀತು.

1970ರ ದಶಕದ ಕೊನೆಯ ಚಳಿಗಾಲಗಳಲ್ಲಿ ಪಂಜರಗಳೊಳಗೆ ಮೀನುಗಳು ಸಾಯತೊಡಗಿದವು. ಸತ್ತ ಮೀನಿನ ರಕ್ತ ನೀರಾಗಿತ್ತು; ಕಿವಿರುಗಳು ಬಿಳಿಚಿಕೊಂಡಿದ್ದವು; ಹೊಟ್ಟೆಯ ಕೆಳಭಾಗದಲ್ಲೂ ರೆಕ್ಕೆಗಳ ಬುಡದಲ್ಲೂ ಒಳಗಿನ ಅಂಗಾಂಗಗಳ ಮೇಲೂ ರಕ್ತಸ್ರಾವದ ಕಲೆಗಳು ಕಾಣುತ್ತಿದ್ದವು. ವಿಬ್ರಿಯೊ ಎಂಬ ಕುಲದ ಬ್ಯಾಕ್ಟೀರಿಯಾಗಳು ಕಡಲಮೀನಿಗೆ ಕಾಯಿಲೆ ತರುವುದು ಮೊದಲೇ ಗೊತ್ತಿದ್ದ ವಿಷಯ. ಮನುಷ್ಯನಿಗೆ ಕಾಲರಾ ತರುವ ಬ್ಯಾಕ್ಟೀರಿಯಾ ಕೂಡ ಇದೇ ಕುಲದ್ದು. ಆದರೆ ಅಲ್ಲಿಯವರೆಗೆ ತಿಳಿದಿದ್ದ ಮೀನಿನ ವಿಬ್ರಿಯೊ ರೋಗವು ಬೇಸಗೆಯಲ್ಲಿ, ನೀರು ಬಿಸಿಯೇರಿದಾಗ ಬರುವಂಥದು. ಈ ಹೊಸ ಕಾಯಿಲೆಯೋ ಶರತ್ಕಾಲದ ಕೊನೆಯಲ್ಲಿ ಕಾಲಿಟ್ಟು, ನಡುಚಳಿಯಲ್ಲಿ ವಿಜೃಂಭಿಸಿ, ವಸಂತದಲ್ಲಿ ತಾನಾಗಿಯೇ ಮರೆಯಾಗುತ್ತಿತ್ತು. ಇದು ಸೋಂಕೇ ಅಲ್ಲ, ಮೇವಿನಲ್ಲಿ ಇ ಜೀವಸತ್ವದ ಕೊರತೆಯಿಂದ ಬಂದ ದೌರ್ಬಲ್ಯ ಎಂದು ವಾದಿಸಿದ ವಿದ್ವಾಂಸರೂ ಇದ್ದರು. ಚರ್ಚೆ ಕೆಲವು ವರ್ಷ ನಡೆಯಿತು. ಕೊನೆಗೆ 1986ರಲ್ಲಿ ಎಮ್ಮಿ ಎಗಿಡಿಯಸ್ ಮತ್ತು ಸಂಗಡಿಗರು ರೋಗಕಾರಕವನ್ನು ವಿಬ್ರಿಯೊ ಸಾಲ್ಮೊನಿಸಿಡಾ, ಎಂದರೆ ಸಾಲ್ಮನ್‌ಘಾತಕ, ಎಂದು ಹೆಸರಿಟ್ಟು ವರ್ಣಿಸಿದರು. 2007ರಲ್ಲಿ ಅದನ್ನು ಅಲಿವಿಬ್ರಿಯೊ ಎಂಬ ಬೇರೊಂದು ಕುಲಕ್ಕೆ ಸೇರಿಸಲಾಯಿತು. ಅಷ್ಟರಲ್ಲಿ ರೋಗವು ಸ್ಕಾಟ್ಲೆಂಡ್, ಫಾರೋ ದ್ವೀಪಗಳು ಹಾಗೂ ಕೆನಡಾದ ಪೂರ್ವತೀರದಲ್ಲೂ ಕಂಡುಬಂದಿತ್ತು. ಹಿಟ್ರಾದ ಹೆಸರು ಮಾತ್ರ ಅದಕ್ಕೆ ಅಂಟಿಕೊಂಡೇ ಉಳಿಯಿತು. ದ್ವೀಪದವರಿಗೆ ಇದು ಒಪ್ಪಿಗೆಯಾಗಿತ್ತೋ ಇಲ್ಲವೋ, ರೋಗಗಳಿಗೆ ಊರಿನ ಹೆಸರಿಡುವ ಪರಿಪಾಠ ಎಲ್ಲ ದೇಶಗಳಲ್ಲೂ ಇದೆ.

ಈ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿದಾಗ ಒಂದು ವಿಚಿತ್ರ ಬೆಳಕಿಗೆ ಬಂತು. ಅದು ಅತ್ಯಂತ ಚುರುಕಾಗಿ ಬೆಳೆಯುವುದು ಸುಮಾರು 15 ಡಿಗ್ರಿಯಲ್ಲಿ. ಆದರೆ ಮೀನನ್ನು ಕೊಲ್ಲುವುದು ನೀರು 10 ಡಿಗ್ರಿಗಿಂತ ಕೆಳಗಿಳಿದಾಗ. ತನಗೆ ಅತ್ಯಂತ ಅನುಕೂಲವಾದ ಹವೆಯನ್ನು ಬಿಟ್ಟು, ಅದಕ್ಕಿಂತ ತಣ್ಣನೆಯ ನೀರಿನಲ್ಲಿ ಅದು ದಾಳಿ ಮಾಡುವುದೇಕೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಚಳಿಯು ಜೀವಕೋಶವೊಂದಕ್ಕೆ ಮಾಡುವ ಹಾನಿಯನ್ನು ತಿಳಿಯಬೇಕು.

ಕೊಬ್ಬರಿ ಎಣ್ಣೆ ಮತ್ತು ಕಡಲೆಕಾಯಿ ಎಣ್ಣೆ

ಜೀವಕೋಶದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳ ವೇಗವು ಉಷ್ಣತೆ ಹತ್ತು ಡಿಗ್ರಿ ಇಳಿದಾಗ ಸಾಮಾನ್ಯವಾಗಿ ಅರ್ಧಕ್ಕೆ ಅಥವಾ ಮೂರನೆಯ ಒಂದಂಶಕ್ಕೆ ಇಳಿಯುತ್ತದೆ. ನೀರೇ ದಪ್ಪವಾಗುತ್ತದೆ: 20 ಡಿಗ್ರಿಯ ನೀರಿಗೆ ಹೋಲಿಸಿದರೆ ಶೂನ್ಯ ಡಿಗ್ರಿಯ ನೀರಿನ ಸ್ನಿಗ್ಧತೆ ಸುಮಾರು 1.8 ಪಟ್ಟು. ಬಾಲದಂಥ ತಂತುವನ್ನು ತಿರುಗಿಸಿಕೊಂಡು ಈಜುವ ಸೂಕ್ಷ್ಮಜೀವಿಗೆ ಇದು ಪಾನಕವನ್ನು ಬಿಟ್ಟು ಪಾಯಸದಲ್ಲಿ ಈಜಿದಂತೆ. ಇವೆರಡನ್ನೂ ಹೇಗೋ ಸಹಿಸಬಹುದು. ನಿಜವಾದ ಕಷ್ಟ ಆರಂಭವಾಗುವುದು ಕೋಶವನ್ನು ಸುತ್ತುವರಿದ ಪೊರೆಯಲ್ಲಿ.

ಈ ಪೊರೆ ಬಹುಮಟ್ಟಿಗೆ ಕೊಬ್ಬಿನಿಂದ ಆದದ್ದು. ಅದು ಸದಾ ಎಣ್ಣೆಯಂತೆ ಸಡಿಲವಾಗಿರಬೇಕು. ಇಲ್ಲವಾದರೆ ಆಹಾರ ಒಳಬರುವ, ಕಸ ಹೊರಹೋಗುವ ಬಾಗಿಲುಗಳು ಸಿಕ್ಕಿಕೊಳ್ಳುತ್ತವೆ. ದೆಹಲಿಯಲ್ಲಿ ನೆಲೆಸಿದ ಕನ್ನಡಿಗರು ಜನವರಿಯ ಬೆಳಗಿನಲ್ಲಿ ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಿಸಿನೀರಿನಲ್ಲಿಡದೆ ತಲೆಗೆ ಹಚ್ಚಿಕೊಳ್ಳಲಾರರು. ಅದೇ ಅಡುಗೆಮನೆಯ ಕಪಾಟಿನಲ್ಲಿ ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುತ್ತದೆ. ಕಾರಣವಿಷ್ಟೆ. ಕೊಬ್ಬರಿ ಎಣ್ಣೆಯ ಮೇದಾಮ್ಲಗಳು ನೆಟ್ಟನೆಯ ಕಡ್ಡಿಗಳಂತಿವೆ. ಸ್ವಲ್ಪ ತಣ್ಣಗಾದೊಡನೆ ಬೆಂಕಿಪೆಟ್ಟಿಗೆಯ ಕಡ್ಡಿಗಳ ಹಾಗೆ ಒತ್ತೊತ್ತಾಗಿ ಜೋಡಿಸಿಕೊಂಡು ಗಟ್ಟಿಯಾಗುತ್ತವೆ. ಕಡಲೆಕಾಯಿ ಎಣ್ಣೆಯ ಹೆಚ್ಚಿನ ಮೇದಾಮ್ಲಗಳು ಅಪರ್ಯಾಪ್ತವಾದವು, ಎಂದರೆ ನಡುವೆ ದ್ವಿಬಂಧವಿದ್ದು ಅಲ್ಲಿ ಡೊಂಕಾಗಿರುವಂಥವು. ಡೊಂಕು ಕಡ್ಡಿಗಳನ್ನು ಎಷ್ಟು ಒತ್ತಿದರೂ ನಡುವೆ ಸಂದು ಉಳಿಯುತ್ತದೆ.

ತಣ್ಣೀರಿನ ಬ್ಯಾಕ್ಟೀರಿಯಾ ಮಾಡುವುದೂ ಇದನ್ನೇ. ನೀರು ತಣ್ಣಗಾದಂತೆ ಅದು ತನ್ನ ಪೊರೆಯಲ್ಲಿ ನೆಟ್ಟನೆಯ ಮೇದಾಮ್ಲಗಳನ್ನು ತಗ್ಗಿಸಿ ಡೊಂಕಾದವನ್ನು ಹೆಚ್ಚಿಸಿಕೊಳ್ಳುತ್ತದೆ. ಸಮುದ್ರದ ಕೆಲವು ಚಳಿಪ್ರಿಯ ಬ್ಯಾಕ್ಟೀರಿಯಾಗಳು ಐದಾರು ಕಡೆ ಡೊಂಕಾದ ಉದ್ದನೆಯ ಮೇದಾಮ್ಲಗಳನ್ನು ಕೂಡ ತಯಾರಿಸಬಲ್ಲವು. ಇವು ಔಷಧದ ಅಂಗಡಿಯಲ್ಲಿ ಒಮೇಗಾ-3 ಎಂಬ ಹೆಸರಿನಲ್ಲಿ ಗುಳಿಗೆಯಾಗಿ ಮಾರಾಟವಾಗುವ ಜಾತಿಯ ವಸ್ತುಗಳೇ. ಮೀನೆಣ್ಣೆಯಲ್ಲಿರುವ ಈ ಪದಾರ್ಥವನ್ನು ಮೀನು ಬಹುಮಟ್ಟಿಗೆ ತಾನಾಗಿ ಮಾಡಿಕೊಂಡದ್ದಲ್ಲ. ಸಮುದ್ರದ ಸೂಕ್ಷ್ಮ ಪಾಚಿಗಳಿಂದ ಮೊದಲಾಗಿ ಆಹಾರದ ಸರಪಳಿಯಲ್ಲಿ ಮೇಲೇರಿ ಅದರ ಮೈ ಸೇರಿದ್ದು.

ಎರಡನೆಯ ಕಷ್ಟ ಕಿಣ್ವಗಳದು. ಕೋಶದ ಪ್ರತಿಯೊಂದು ಕೆಲಸವನ್ನೂ ನಡೆಸಿಕೊಡುವ ಈ ಪ್ರೋಟೀನುಗಳು ಕೆಲಸ ಮಾಡುವಾಗ ಅಲುಗಾಡಬೇಕು, ಬಾಗಬೇಕು, ತೆರೆದು ಮುಚ್ಚಬೇಕು. ನಮ್ಮ ದೇಹದ ಕಿಣ್ವಗಳು 37 ಡಿಗ್ರಿಯಲ್ಲಿ ಬೇಕಾದಷ್ಟೇ ಅಲುಗುವಂತೆ ಬಿಗಿಯಾಗಿ ಕಟ್ಟಲ್ಪಟ್ಟಿವೆ. ನಾಲ್ಕು ಡಿಗ್ರಿಯಲ್ಲಿ ಅವು ಮರಗಟ್ಟಿದಂತಾಗುತ್ತವೆ. ಚಳಿನೀರಿನ ಬ್ಯಾಕ್ಟೀರಿಯಾದ ಕಿಣ್ವಗಳಲ್ಲಿ ಒಳಗಿನ ಕಟ್ಟುಗಳು ಕಡಿಮೆ. ಆದುದರಿಂದ ಅವು ಚಳಿಯಲ್ಲೂ ಬಾಗುತ್ತವೆ. ಇದಕ್ಕೆ ಅವು ತೆರುವ ಬೆಲೆಯೂ ಇದೆ: ಸ್ವಲ್ಪ ಬಿಸಿ ತಗುಲಿದರೆ ಸಾಕು, ಸಡಿಲವಾದ ಆ ಕಟ್ಟಡ ಕುಸಿಯುತ್ತದೆ.

ನಾರ್ವೆಯ ಉತ್ತರದ ತುದಿಯಲ್ಲಿರುವ ಟ್ರೋಮ್ಸೋ ವಿಶ್ವವಿದ್ಯಾಲಯದವರು ಈ ವಿಷಯದಲ್ಲಿ ಒಂದು ಸೊಗಸಾದ ಹೋಲಿಕೆಯನ್ನು ಮಾಡಿದ್ದಾರೆ. ಸಾಲ್ಮನ್‌ಘಾತಕ ಮತ್ತು ಕಾಲರಾ ವಿಬ್ರಿಯೊಗಳು ಹತ್ತಿರದ ನಂಟರು. ಹೊರಗಿನ ಡಿ.ಎನ್.ಎ. ತಂತುಗಳನ್ನು ಕತ್ತರಿಸುವ ಒಂದೇ ಬಗೆಯ ಕಿಣ್ವವು ಎರಡರಲ್ಲೂ ಇದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದಾಗ, ಸಾಲ್ಮನ್ ರೋಗಾಣುವಿನ ಕಿಣ್ವ ತಣ್ಣನೆಯಲ್ಲಿ ಹೆಚ್ಚು ಚುರುಕಾಗಿಯೂ ಬಿಸಿಗೆ ಹೆಚ್ಚು ದುರ್ಬಲವಾಗಿಯೂ ಕಂಡಿತು. ಅದು ಸಮುದ್ರದ ಉಪ್ಪಿಗೆ ಸಮೀಪವಾದ ಉಪ್ಪಿನಲ್ಲಿ ಚೆನ್ನಾಗಿ ಕೆಲಸ ಮಾಡಿದರೆ, ಕಾಲರಾದ ಕಿಣ್ವಕ್ಕೆ ಅದರ ಅರ್ಧಕ್ಕೂ ಕಡಿಮೆ ಉಪ್ಪು ಹಿತವಾಗಿತ್ತು. ಒಂದೇ ಮನೆತನದ ಇಬ್ಬರಲ್ಲಿ ಒಬ್ಬನು ಧ್ರುವದ ಕಡಲಿಗೂ ಇನ್ನೊಬ್ಬನು ಬಂಗಾಳದ ನದೀಮುಖಕ್ಕೂ ವಲಸೆ ಹೋಗಿ, ಇಬ್ಬರೂ ಹೋದೆಡೆಯ ಹವೆಗೆ ತಕ್ಕಂತೆ ಸಂಸಾರ ಹೂಡಿದಂತಿದೆ ಈ ಚಿತ್ರ.

ಮೂರನೆಯ ಕಷ್ಟವನ್ನು ಚುಟುಕಾಗಿ ಹೇಳಿದರೆ ಸಾಕು. ಪ್ರೋಟೀನು ತಯಾರಿಕೆಗೆ ಆಜ್ಞೆಯನ್ನು ಒಯ್ಯುವ ಆರ್.ಎನ್.ಎ. ಎಳೆಗಳು ಚಳಿಯಲ್ಲಿ ತಮ್ಮಷ್ಟಕ್ಕೆ ಮಡಚಿಕೊಂಡು ಸಿಕ್ಕಾಗುತ್ತವೆ. ಸಿಕ್ಕು ಬಿಡಿಸಲು ಬ್ಯಾಕ್ಟೀರಿಯಾಗಳು ಶೀತಾಘಾತ ಪ್ರೋಟೀನುಗಳೆಂಬ ವಿಶೇಷ ಸಹಾಯಕರನ್ನು ಉತ್ಪಾದಿಸುತ್ತವೆ. ಇವು ಮೊದಲು ಪತ್ತೆಯಾದದ್ದು ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಸಾಧಾರಣ ಬ್ಯಾಕ್ಟೀರಿಯಾವನ್ನು 37ರಿಂದ 10 ಡಿಗ್ರಿಗೆ ಒಮ್ಮೆಗೇ ಇಳಿಸಿ ನೋಡಿದಾಗ. ಬೆಚ್ಚನೆಯ ಜೀವಿಗಳು ಆಪತ್ಕಾಲದಲ್ಲಿ ಕರೆಯುವ ಈ ಸಹಾಯಕರು ಚಳಿಪ್ರಿಯರಲ್ಲಿ ದಿನನಿತ್ಯದ ಆಳುಗಳಾಗಿರುತ್ತಾರೆ.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಸಮುದ್ರದ ಬ್ಯಾಕ್ಟೀರಿಯಾಗಳನ್ನು ಅಭ್ಯಸಿಸಿದ ರಿಚರ್ಡ್ ಮೊರಿಟಾ ಎಂಬ ವಿಜ್ಞಾನಿ 1975ರಲ್ಲಿ ಚಳಿಪ್ರಿಯ ಜೀವಿಗಳಿಗೆ ಒಂದು ಲಕ್ಷಣವನ್ನು ಕಟ್ಟಿಕೊಟ್ಟರು. ಶೂನ್ಯ ಡಿಗ್ರಿಯಲ್ಲೂ ಬೆಳೆಯಬೇಕು; ಅತ್ಯುತ್ತಮ ಬೆಳವಣಿಗೆ 15 ಡಿಗ್ರಿಯ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗಿರಬೇಕು; 20 ಡಿಗ್ರಿಯ ಆಚೆ ಬೆಳವಣಿಗೆ ನಿಲ್ಲಬೇಕು. ಚಳಿಯನ್ನು ತಾಳಿಕೊಂಡರೂ ಬೆಚ್ಚನೆಯಲ್ಲೇ ಸುಖಪಡುವ ಜೀವಿಗಳನ್ನು ಚಳಿಸಹಿಷ್ಣು ಎಂದು ಬೇರೆಯಾಗಿ ಎಣಿಸಬೇಕು. ಹಿಟ್ರಾದ ರೋಗಾಣು ಸುಮಾರು 1ರಿಂದ 22 ಡಿಗ್ರಿಯವರೆಗೆ ಬೆಳೆಯುತ್ತದೆಯಾದ್ದರಿಂದ ಮೊದಲ ಗುಂಪಿನ ಹೊಸ್ತಿಲಲ್ಲೇ ನಿಂತಿದೆ ಎನ್ನಬಹುದು. 37 ಡಿಗ್ರಿಯ ಮನುಷ್ಯದೇಹದಲ್ಲಿ ಅದು ಬೆಳೆಯಲಾರದು. ಸಾಲ್ಮನ್ನನ್ನು ಸಾವಿರಗಟ್ಟಲೆ ಕೊಂದ ಕಾಯಿಲೆ ಅದನ್ನು ಸಾಕಿದವರಿಗಾಗಲಿ ತಿಂದವರಿಗಾಗಲಿ ಅಂಟದಿರುವುದಕ್ಕೆ ನಮ್ಮ ಮೈಬಿಸಿಯೇ ಒಂದು ಮುಖ್ಯ ಕಾವಲು. ಚಳಿಪ್ರಿಯ ಮತ್ತು ಚಳಿಸಹಿಷ್ಣು ಎಂಬ ಈ ಭೇದವನ್ನು ವಾಚಕರು ನೆನಪಿನಲ್ಲಿಡುವುದು ಒಳ್ಳೆಯದು. ಮುಂದೆ ಅಡುಗೆಮನೆಯ ಪ್ರಸ್ತಾಪ ಬಂದಾಗ ಅದು ಬೇಕಾಗುತ್ತದೆ.

ಕಬ್ಬಿಣದ ವಸೂಲಿ

ಇಷ್ಟೆಲ್ಲ ಸಿದ್ಧತೆಯಿಂದ ಚಳಿನೀರಿನಲ್ಲಿ ಬದುಕಿ ಉಳಿಯಬಹುದು. ಮೀನಿನ ಮೈಯೊಳಗೆ ಹೊಕ್ಕು ವೃದ್ಧಿಯಾಗಲು ಇನ್ನೂ ಒಂದು ವಸ್ತು ಬೇಕು. ಅದು ಕಬ್ಬಿಣ. ಹೆಚ್ಚುಕಡಿಮೆ ಎಲ್ಲ ಜೀವಿಗಳಿಗೂ ಕಬ್ಬಿಣ ಅಗತ್ಯ. ಇದನ್ನು ಅರಿತೇ ಎಂಬಂತೆ ಪ್ರಾಣಿದೇಹವು ರಕ್ತದಲ್ಲಿ ಕಬ್ಬಿಣವನ್ನು ಬಿಡಿಯಾಗಿ ತಿರುಗಾಡಲು ಬಿಡುವುದಿಲ್ಲ. ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಅದನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಂಡು, ಬೇಕಾದ ಅಂಗಕ್ಕೆ ಮಾತ್ರ ತಲುಪಿಸುತ್ತದೆ. ಮನುಷ್ಯರಲ್ಲೂ ಇದೇ ವ್ಯವಸ್ಥೆ. ಸೋಂಕು ತಗುಲಿದಾಗ ನಮ್ಮ ರಕ್ತದ ಕಬ್ಬಿಣದ ಮಟ್ಟ ಇಳಿಯುವುದು ಕೂಡ ಬ್ಯಾಕ್ಟೀರಿಯಾಗಳನ್ನು ಉಪವಾಸ ಕೆಡವುವ ಉಪಾಯವೇ.

ಬ್ಯಾಕ್ಟೀರಿಯಾಗಳೂ ಸುಮ್ಮನಿಲ್ಲ. ಅವು ಸಿಡೆರೊಫೋರ್ ಎಂಬ ಸಣ್ಣ ಅಣುಗಳನ್ನು ಹೊರಗೆ ಕಳುಹಿಸುತ್ತವೆ. ಗ್ರೀಕ್ ಭಾಷೆಯಲ್ಲಿ ಇದಕ್ಕೆ ಕಬ್ಬಿಣ ಹೊರುವವನು ಎಂದರ್ಥ. ಬಾಕಿ ವಸೂಲಿಗೆ ಹೊರಟ ಗುಮಾಸ್ತನಂತೆ ಈ ಅಣು ರಕ್ತದಲ್ಲಿ ಸುತ್ತಾಡಿ, ಟ್ರಾನ್ಸ್‌ಫೆರಿನ್ನಿನ ಮುಷ್ಟಿಯಿಂದಲೇ ಕಬ್ಬಿಣವನ್ನು ಬಿಡಿಸಿಕೊಂಡು, ತನ್ನ ಒಡೆಯನ ಬಳಿಗೆ ಮರಳುತ್ತದೆ. ಹಿಟ್ರಾ ರೋಗಾಣುವಿನ ಸಿಡೆರೊಫೋರಿನ ಹೆಸರು ಬಿಸುಕಾಬೆರಿನ್. ಜಪಾನಿನ ವಿಜ್ಞಾನಿಗಳು ಸಮುದ್ರದ ಬೇರೊಂದು ಬ್ಯಾಕ್ಟೀರಿಯಾದಲ್ಲಿ 1980ರ ದಶಕದಲ್ಲೇ ಕಂಡಿದ್ದ ಈ ವಸ್ತುವನ್ನು 2002ರಲ್ಲಿ ಸಾಲ್ಮನ್‌ಘಾತಕದಲ್ಲೂ ಗುರುತಿಸಲಾಯಿತು.

ಅದಕ್ಕೂ ಒಂದು ವರ್ಷ ಮೊದಲು, 2001ರಲ್ಲಿ, ನಾರ್ವೆಯ ಸಂಶೋಧಕರು ಒಂದು ಮಹತ್ತ್ವದ ಸಂಗತಿಯನ್ನು ಪ್ರಕಟಿಸಿದ್ದರು. ಈ ಬ್ಯಾಕ್ಟೀರಿಯಾ ಗಣನೀಯ ಪ್ರಮಾಣದಲ್ಲಿ ಸಿಡೆರೊಫೋರನ್ನು ತಯಾರಿಸುವುದು ಉಷ್ಣತೆ ಸುಮಾರು 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿದ್ದಾಗ ಮಾತ್ರ. ಅದು ಅತ್ಯಂತ ವೇಗವಾಗಿ ಬೆಳೆಯುವ 15 ಡಿಗ್ರಿಯಲ್ಲಿ ವಸೂಲಿಯ ಗುಮಾಸ್ತರು ಮನೆಯಲ್ಲೇ ಕುಳಿತಿರುತ್ತಾರೆ. ಕಾಯಿಲೆಯ ಕಾಲಮಾನ ಮತ್ತು ಕಬ್ಬಿಣ ಕೀಳುವ ಶಕ್ತಿಯ ಕಾಲಮಾನ ಹೀಗೆ ಒಂದರ ಮೇಲೊಂದು ಸರಿಯಾಗಿ ಕುಳಿತವು. ಮುಂಬಯಿಯ ಅಂಗಡಿಕಾರನು ಜೂನ್ ತಿಂಗಳು ಹತ್ತಿರವಾದಾಗ ಮಾತ್ರ ಕೊಡೆಗಳಿಗೆ ಬಂಡವಾಳ ಹಾಕುವಂತೆ, ಈ ಜೀವಿಯೂ ತನ್ನ ಶಕ್ತಿಯನ್ನು ಗಿರಾಕಿ ಸಿಗುವ ಕಾಲಕ್ಕಾಗಿ ಮೀಸಲಿಡುತ್ತದೆ.

ಗಿರಾಕಿ ಸಿಗುವುದು ಚಳಿಯಲ್ಲೇ ಏಕೆ ಎಂದರೆ, ಮೀನು ಶೀತರಕ್ತದ ಪ್ರಾಣಿ. ನೀರು ಆರು ಡಿಗ್ರಿಯಿದ್ದರೆ ಅದರ ಮೈಯೂ ಹೆಚ್ಚುಕಡಿಮೆ ಆರು ಡಿಗ್ರಿಯೇ. ಅದರ ಹಸಿವು, ಚಲನೆ, ಗಾಯ ಮಾಯುವ ವೇಗ, ಎಲ್ಲವೂ ಮಂದವಾಗುತ್ತವೆ. ರೋಗನಿರೋಧಕ ಶಕ್ತಿಯಲ್ಲಿಯೂ, ಹೊಸ ಶತ್ರುವನ್ನು ಗುರುತಿಸಿ ಅದಕ್ಕೆಂದೇ ಪ್ರತಿಕಾಯಗಳನ್ನು ತಯಾರಿಸುವ ಭಾಗವು ಚಳಿಯಲ್ಲಿ ಬಹಳ ನಿಧಾನವಾಗುತ್ತದೆ. ಹದಿನೈದು ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ವೇಗವಾಗಿ ಬೆಳೆದೀತು, ಆದರೆ ಮೀನೂ ಅಷ್ಟೇ ವೇಗವಾಗಿ ಎದುರು ನಿಂತೀತು. ಆರು ಡಿಗ್ರಿಯಲ್ಲಿ ಇಬ್ಬರೂ ನಿಧಾನ, ಆದರೆ ಚಳಿಗೆ ಒಗ್ಗಿದ ಬ್ಯಾಕ್ಟೀರಿಯಾ ಮೀನಿಗಿಂತ ಕಡಿಮೆ ನಿಧಾನ. ರೋಗವು ನಿರ್ಧಾರವಾಗುವುದು ಬ್ಯಾಕ್ಟೀರಿಯಾದ ವೇಗದಿಂದಲ್ಲ, ಎರಡು ವೇಗಗಳ ನಡುವಣ ಅಂತರದಿಂದ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ.

2008ರಲ್ಲಿ ಈ ರೋಗಾಣುವಿನ ಜೀನುಗಳ ಸಂಪೂರ್ಣ ಪಾಠವನ್ನು ಓದಿ ಮುಗಿಸಿದಾಗ ಇನ್ನೊಂದು ವಿಷಯ ತಿಳಿಯಿತು. ಎರಡು ವರ್ಣತಂತುಗಳೂ ನಾಲ್ಕು ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರಗಳೂ ಇರುವ ಈ ಜೀವಿಯಲ್ಲಿ, ಜಾಗದಿಂದ ಜಾಗಕ್ಕೆ ನೆಗೆಯುವ ಡಿ.ಎನ್.ಎ. ತುಣುಕುಗಳು ಅಸಂಖ್ಯವಾಗಿ ನುಗ್ಗಿ ಹಲವಾರು ಜೀನುಗಳನ್ನು ಮುರಿದು ಹಾಕಿವೆ. ನಾನಾ ಕಡೆ ಬದುಕಬಲ್ಲ ಜೀವಿಯೊಂದು ತನ್ನ ಜೀವನವನ್ನು ಇಕ್ಕಟ್ಟು ಮಾಡಿಕೊಂಡು, ಬೇಡವಾದ ವಿದ್ಯೆಗಳನ್ನು ಮರೆತು, ಒಂದೇ ವೃತ್ತಿಗೆ ಅಂಟಿಕೊಳ್ಳುತ್ತಿರುವುದರ ಗುರುತು ಇದು. ಹಾಗೆಂದು ಅದು ಮೀನಿಲ್ಲದೆ ಸತ್ತೇ ಹೋಗುತ್ತದೆಂದು ಭಾವಿಸಬಾರದು. ಶುದ್ಧೀಕರಿಸಿದ ಸಮುದ್ರಜಲದಲ್ಲಿ ಅದು ಒಂದು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದುಕೊಂಡದ್ದನ್ನು ಪ್ರಯೋಗಗಳು ತೋರಿಸಿವೆ. ಮೀನುಗಳನ್ನು ತೆರವು ಮಾಡಿ ತಿಂಗಳುಗಳಾದ ಮೇಲೂ ಪಂಜರಗಳ ಕೆಳಗಿನ ಕೆಸರಿನಲ್ಲಿ ಅದು ಸಿಕ್ಕಿದೆ.

ಚುಚ್ಚುಮದ್ದಿನ ಲೆಕ್ಕ

ಮೊದಮೊದಲು ಸಾಕಣೆದಾರರಿಗೆ ತಿಳಿದಿದ್ದ ಮದ್ದು ಒಂದೇ: ಮೇವಿನಲ್ಲಿ ಆಂಟಿಬಯೋಟಿಕ್ ಬೆರೆಸುವುದು. 1987ರಲ್ಲಿ ನಾರ್ವೆಯ ಮೀನು ಸಾಕಣೆಯಲ್ಲಿ ಬಳಕೆಯಾದ ಆಂಟಿಬಯೋಟಿಕ್ ಸುಮಾರು 50 ಟನ್. ಆ ವರ್ಷದ ಮೀನಿನ ಉತ್ಪನ್ನ ಸುಮಾರು 50 ಸಾವಿರ ಟನ್. ಎಂದರೆ ಒಂದು ಟನ್ ಮೀನಿಗೆ ಒಂದು ಕಿಲೋ ಔಷಧ. ಹಸಿವಿಲ್ಲದ ರೋಗಿ ಮೀನು ಮೇವು ಮುಟ್ಟುವುದೇ ಇಲ್ಲ. ಔಷಧವನ್ನು ತಿಂದದ್ದು ಹೆಚ್ಚಾಗಿ ಆರೋಗ್ಯವಾಗಿದ್ದ ಮೀನುಗಳು, ಉಳಿದದ್ದು ಸೇರಿದ್ದು ಕಡಲ ತಳವನ್ನು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೂ ಕಾಣಿಸಿಕೊಳ್ಳತೊಡಗಿದವು. ವೆಚ್ಚವನ್ನು ಬದಿಗಿಟ್ಟು ನೋಡಿದರೂ ಇದು ಬಹುಕಾಲ ನಡೆಯುವ ವ್ಯವಹಾರವಾಗಿರಲಿಲ್ಲ.

ಬಿಡುಗಡೆ ತಂದದ್ದು ಲಸಿಕೆ. ಫಾರ್ಮಲಿನ್ನಿನಲ್ಲಿ ಕೊಂದ ರೋಗಾಣುಗಳಿಂದ 1980ರ ದಶಕದ ಕೊನೆಯಲ್ಲಿ ತಯಾರಾದ ಹಿಟ್ರಾ ಲಸಿಕೆ ಅತ್ಯಂತ ಫಲಕಾರಿಯಾಯಿತು. 1990ರ ದಶಕದ ಆರಂಭದಲ್ಲಿ ಎಣ್ಣೆ ಬೆರೆಸಿದ ಚುಚ್ಚುಮದ್ದುಗಳು ಬಂದ ಮೇಲೆ ಇತರ ರೋಗಗಳಿಗೂ ಒಂದೇ ಸೂಜಿಯಲ್ಲಿ ರಕ್ಷಣೆ ದೊರೆಯಿತು. ಒಂದೊಂದು ಮರಿಗೂ ಹೊಟ್ಟೆಯಲ್ಲಿ ಸೂಜಿ ಚುಚ್ಚುವ ಕೆಲಸ ಹುಚ್ಚುತನವೆಂದು ಮೊದಲು ನಕ್ಕವರಿರಬಹುದು. ಇಂದು ಅದನ್ನು ಯಂತ್ರಗಳು ಮಾಡುತ್ತವೆ.

ಮೀನು ಸಮುದ್ರಕ್ಕೆ ಇಳಿಯುವ ಮೊದಲು, ಸಿಹಿನೀರಿನ ತೊಟ್ಟಿಯಲ್ಲಿರುವಾಗಲೇ ಚುಚ್ಚುಮದ್ದು ಕೊಡಬೇಕು. ಅದು ಫಲ ಕೊಡಲು ಬೇಕಾದ ಕಾಲವನ್ನು ಅಲ್ಲಿಯವರು ಲೆಕ್ಕ ಹಾಕುವ ಕ್ರಮ ಬ್ಯಾಂಕಿನ ಕೆಲಸ ಬಲ್ಲವರಿಗೆ ಬಲು ಪರಿಚಿತವೆನಿಸೀತು. ಮೊಬಲಗನ್ನು ದಿನಗಳಿಂದ ಗುಣಿಸಿ ಬಡ್ಡಿಗೆ ಪ್ರಾಡಕ್ಟ್ ತೆಗೆಯುವಂತೆ, ಅವರು ನೀರಿನ ಉಷ್ಣತೆಯನ್ನು ದಿನಗಳಿಂದ ಗುಣಿಸಿ ಡಿಗ್ರಿ-ದಿನ ಎಂಬ ಮೊತ್ತವನ್ನು ಪಡೆಯುತ್ತಾರೆ. ಸಾಮಾನ್ಯವಾಗಿ ಸುಮಾರು 500 ಡಿಗ್ರಿ-ದಿನ ಬೇಕು. ಹತ್ತು ಡಿಗ್ರಿಯ ನೀರಿನಲ್ಲಿ ಐವತ್ತು ದಿನ. ಐದು ಡಿಗ್ರಿಯ ನೀರಿನಲ್ಲಿ ನೂರು ದಿನ. ಮೀನಿನ ದೇಹದಲ್ಲಿ ರಕ್ಷಣೆಯ ಬಡ್ಡಿ ಕೂಡಿಬರುವುದೂ ಉಷ್ಣದ ಅಸಲಿನ ಮೇಲೆಯೇ. ಚಳಿಯು ರೋಗಾಣುವಿಗೆ ಕೊಡುವ ಅನುಕೂಲ ಎಷ್ಟೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಲೆಕ್ಕ ಬೇರಿಲ್ಲ.

ಲಸಿಕೆಯೊಂದಿಗೆ ಪಂಜರಗಳ ನಡುವೆ ಅಂತರ ಬಿಡುವುದು, ಒಂದು ಬೆಳೆ ತೆಗೆದ ಮೇಲೆ ಜಾಗವನ್ನು ಕೆಲಕಾಲ ಬೀಳುಬಿಡುವುದು, ಹಿರಿಯ ಮೀನನ್ನೂ ಎಳೆಯ ಮೀನನ್ನೂ ಒಂದೆಡೆ ಸೇರಿಸದಿರುವುದು ಮುಂತಾದ ಶಿಸ್ತುಗಳೂ ಬಂದವು. ಇತ್ತೀಚಿನ ವರ್ಷಗಳಲ್ಲಿ ನಾರ್ವೆಯ ಸಾಲ್ಮನ್ ಉತ್ಪನ್ನ 15 ಲಕ್ಷ ಟನ್ನಿನ ಸುಮಾರಿಗೆ ಏರಿದ್ದರೂ ಇಡೀ ವರ್ಷಕ್ಕೆ ಬಳಕೆಯಾಗುವ ಆಂಟಿಬಯೋಟಿಕ್ ಒಂದು ಟನ್ನಿಗೂ ಕಡಿಮೆ.

ಆದರೂ ಸಮರ ಮುಗಿದಿಲ್ಲ. 2011ರಿಂದ 2013ರ ಅವಧಿಯಲ್ಲಿ ಉತ್ತರ ನಾರ್ವೆಯಲ್ಲಿ ಹಿಟ್ರಾ ಕಾಯಿಲೆ, ಅದೂ ಲಸಿಕೆ ಪಡೆದ ಮೀನುಗಳಲ್ಲಿಯೇ, ಮತ್ತೆ ತಲೆಯೆತ್ತಿತು. ಇದಲ್ಲದೆ ಚಳಿಗಾಲದ ಹುಣ್ಣು ಎಂಬ ಇನ್ನೊಂದು ಪಿಡುಗಿದೆ. ಇದನ್ನು ತರುವ ಬ್ಯಾಕ್ಟೀರಿಯಾ ಮೊರಿಟೆಲ್ಲಾ ವಿಸ್ಕೋಸಾ; ಈ ಕುಲದ ಹೆಸರು ಮೇಲೆ ಹೇಳಿದ ಮೊರಿಟಾ ಅವರ ಗೌರವಾರ್ಥವಾಗಿ ಬಂದದ್ದು. ಬಲೆಗೆ ತಗುಲಿ ಅಥವಾ ಹಿಡಿದು ಬಿಡುವಾಗ ಮೀನಿನ ಚರ್ಮಕ್ಕೆ ಸಣ್ಣ ತರಚು ಗಾಯವಾದರೆ, ಬೇಸಗೆಯಲ್ಲಿ ಅದು ಬೇಗ ಮಾಯುತ್ತದೆ. ಚಳಿಯಲ್ಲಿ ಮಾಯುವುದು ನಿಧಾನ. ಆ ಬಿಡುವಿನಲ್ಲಿ ಈ ಬ್ಯಾಕ್ಟೀರಿಯಾ ಕುಳಿತು ಮಾಂಸ ಕಾಣುವಂತೆ ಕೊರೆಯುತ್ತದೆ. ಸಾವಿಗಿಂತ ಇಲ್ಲಿ ನಷ್ಟ ಬೇರೆ ರೀತಿಯದು. ಹುಣ್ಣಿನ ಗುರುತಿರುವ ಮೀನನ್ನು ಹಾಗೆಯೇ ರಫ್ತು ಮಾಡಲು ನಾರ್ವೆಯ ಕಾನೂನು ಒಪ್ಪುವುದಿಲ್ಲ; ದೇಶದೊಳಗೇ ಅದನ್ನು ಕತ್ತರಿಸಿ ಸರಿಪಡಿಸಬೇಕು. ಬೆಲೆ ಬೀಳುತ್ತದೆ. ಲಸಿಕೆ ಇದ್ದರೂ ಈ ರೋಗದ ಮಟ್ಟಿಗೆ ಅದು ಹಿಟ್ರಾ ಲಸಿಕೆಯಷ್ಟು ಯಶಸ್ವಿಯಾಗಿಲ್ಲ.

ನಮ್ಮ ಮಂಜುಗಡ್ಡೆ, ನಮ್ಮ ರೆಫ್ರಿಜರೇಟರ್

ಧ್ರುವದ ಕಡಲಿನ ಈ ಕಥೆಗೂ ಮಹಾನಗರಗಳ ಕನ್ನಡಿಗರ ಅಡುಗೆಮನೆಗೂ ಒಂದು ನಂಟಿದೆ. ಮಲ್ಪೆಯಲ್ಲಾಗಲಿ ಮುಂಬಯಿಯಲ್ಲಾಗಲಿ ಹಿಡಿದ ಮೀನು ಸುಮಾರು 25ರಿಂದ 30 ಡಿಗ್ರಿಯ ನೀರಿನಲ್ಲಿ ಬೆಳೆದದ್ದು. ಅದರ ಮೈಮೇಲಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಬೆಚ್ಚನೆಯವು. ಮಂಜುಗಡ್ಡೆ ತಗುಲಿದೊಡನೆ ಮರಗಟ್ಟುತ್ತವೆ. ಧ್ರುವದ ಕಡಲಿನ ಮೀನಿನ ಮೇಲೆ ಮೊದಲಿನಿಂದಲೇ ಚಳಿಗೆ ಒಗ್ಗಿದ ಬ್ಯಾಕ್ಟೀರಿಯಾಗಳಿದ್ದು, ಅವುಗಳಿಗೆ ಮಂಜುಗಡ್ಡೆಯೆಂದರೆ ತವರಿನ ಹವೆ. ಆದ್ದರಿಂದಲೇ ಉಷ್ಣವಲಯದ ಹಲವು ಜಾತಿಯ ಮೀನುಗಳು, ಹಿಡಿದ ತಕ್ಷಣ ಮಂಜಿನಲ್ಲಿಟ್ಟರೆ, ಚಳಿದೇಶದ ಮೀನುಗಳಿಗಿಂತ ಹೆಚ್ಚು ದಿನ ಕೆಡದೆ ಉಳಿಯುತ್ತವೆ. ನಮ್ಮ ಬಡ ಮೀನುಗಾರನ ಮಂಜುಗಡ್ಡೆಗೆ ಅವನ ನಾರ್ವೆಯ ಸಹೋದ್ಯೋಗಿಯ ಮಂಜುಗಡ್ಡೆಗಿಂತ ಶಕ್ತಿ ಹೆಚ್ಚು ಎಂದರೆ ತಪ್ಪಾಗದು. ಹಿಡಿದ ತಕ್ಷಣ ಎಂಬ ಮಾತನ್ನು ಮಾತ್ರ ಮರೆಯುವಂತಿಲ್ಲ. ಮಧ್ಯಾಹ್ನದವರೆಗೆ ಬಿಸಿಲಲ್ಲಿ ಬಿದ್ದ ಮೀನಿಗೆ ಸಂಜೆ ಸುರಿದ ಮಂಜು ಏನನ್ನೂ ಹಿಂದಿರುಗಿಸಲಾರದು.

ಮೀನು ಮುಟ್ಟದ ಮನೆಗಳಿಗೂ ಈ ವಿಚಾರ ಅನ್ವಯಿಸುತ್ತದೆ. ರೆಫ್ರಿಜರೇಟರಿನಲ್ಲಿಟ್ಟ ಹಾಲೂ ಕೊನೆಗೆ ಕೆಡುವುದು ಚಳಿಸಹಿಷ್ಣು ಬ್ಯಾಕ್ಟೀರಿಯಾಗಳಿಂದ. ಇವುಗಳಲ್ಲಿ ಬಹಳಷ್ಟು ರುಚಿಯನ್ನು ಕೆಡಿಸುತ್ತವೆಯೇ ಹೊರತು ಮನುಷ್ಯನಿಗೆ ರೋಗ ತರುವುದಿಲ್ಲ. ಚಳಿಪ್ರಿಯ ರೋಗಾಣುಗಳಂತೂ ನಮ್ಮ ಮೈಬಿಸಿಯಲ್ಲಿ ಬದುಕಲಾರವು. ಭಯಪಡಬೇಕಾದದ್ದು ಎರಡು ಕಡೆಯೂ ಸಲ್ಲುವ ಜೀವಿಗೆ: ರೆಫ್ರಿಜರೇಟರಿನ ನಾಲ್ಕು ಡಿಗ್ರಿಯಲ್ಲೂ ಬೆಳೆಯುವ, ದೇಹದ 37 ಡಿಗ್ರಿಯಲ್ಲೂ ಬೆಳೆಯುವ ಜೀವಿಗೆ. ಲಿಸ್ಟೀರಿಯಾ ಅಂಥದು. ಇಂದು ಮಹಾನಗರಗಳ ದೊಡ್ಡ ಅಂಗಡಿಗಳಲ್ಲಿ ಹೊಗೆಯಾಡಿಸಿದ ಸಾಲ್ಮನ್ ತುಂಡುಗಳು ತೆಳುವಾದ ಪೊಟ್ಟಣಗಳಲ್ಲಿ ಮಾರಾಟಕ್ಕಿವೆ. ಅವುಗಳಲ್ಲಿ ಹೆಚ್ಚಿನವು ತಣ್ಣನೆಯ ಹೊಗೆಯಲ್ಲಿ ಹದಗೊಳಿಸಿದವು, ಬೇಯಿಸಿದವಲ್ಲ. ಲಿಸ್ಟೀರಿಯಾ ಇಂಥ ಪೊಟ್ಟಣಗಳಲ್ಲಿ ಸಿಗುವುದುಂಟು. ರೆಫ್ರಿಜರೇಟರಿನಲ್ಲಿ ವಾರಗಟ್ಟಲೆ ಇಟ್ಟರೆ ಅದು ನಿಧಾನವಾಗಿ ವೃದ್ಧಿಯಾಗುತ್ತದೆ. ಆರೋಗ್ಯವಂತರಿಗೆ ಇದರಿಂದ ದೊಡ್ಡ ತೊಂದರೆ ಅಪರೂಪ. ಗರ್ಭಿಣಿಯರಲ್ಲಿ ಮಾತ್ರ ಇದು ಗರ್ಭಪಾತಕ್ಕೆ ಕಾರಣವಾಗಬಹುದು. ವೃದ್ಧರಲ್ಲಿ ಮತ್ತು ಕ್ಯಾನ್ಸರ್ ಮುಂತಾದ ಕಾಯಿಲೆಗಳಿಗೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಮೆದುಳಿನ ಪೊರೆಗೆ ತಗುಲಬಹುದು. ತಿಂದ ಎಷ್ಟೋ ವಾರಗಳ ನಂತರ ಕಾಯಿಲೆ ಕಾಣಿಸಿಕೊಳ್ಳುವುದೂ ಉಂಟಾದ್ದರಿಂದ, ಕಾರಣ ಯಾವುದೆಂದು ಮನೆಯವರಿಗೆ ಹೊಳೆಯುವುದೂ ಕಷ್ಟ. ಅಂಥವರು ಮನೆಯಲ್ಲಿದ್ದರೆ ಆ ಪೊಟ್ಟಣದ ಮೀನನ್ನು ಹಾಗೆಯೇ ಬಡಿಸದೆ, ಒಳಗಿನವರೆಗೂ ಹಬೆಯಾಡುವಂತೆ ಚೆನ್ನಾಗಿ ಬೇಯಿಸಿಯೇ ಬಡಿಸಬೇಕು. ಕಡಾಯಿಯ ಬಿಸಿಗೆ ಲಿಸ್ಟೀರಿಯಾ ಉಳಿಯುವುದಿಲ್ಲ.